ಸೀಟ್ ಬೆಲ್ಟ್ ಅಕ್ಕ

ಸೇತುವೆ ಇಳಿದು ಮಾರುಕಟ್ಟೆಯ ಕಡೆ ತಿರುಗುವ ಜಾಗದಲ್ಲಿ ಸಂಚಾರ ಪೊಲೀಸರು ಗಾಡಿ ತಡೆಯುತ್ತಿದ್ದರೆ, ಓಡಿಸುವವರು ಮೊದಲು ನೋಡುವುದು ಅಲ್ಲಿ ಅಕ್ಕ ಇದ್ದಾರೋ ಇಲ್ಲವೋ ಎಂದು. ಅಕ್ಕ ಎಂದರೆ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ವಯಸ್ಸಿನಲ್ಲಿ ದೊಡ್ಡವರೂ ಅವರನ್ನು ಅಕ್ಕ ಎನ್ನುತ್ತಾರೆ, ಚಿಕ್ಕವರೂ ಅಕ್ಕ ಎನ್ನುತ್ತಾರೆ, ಬೆನ್ನ ಹಿಂದೆ ಎಲ್ಲರೂ ಸೀಟ್ ಬೆಲ್ಟ್ ಅಕ್ಕ ಎನ್ನುತ್ತಾರೆ. ಆ ಹೆಸರು ಅವರ ಕಿವಿಗೂ ಬಿದ್ದಿದೆ. ಬೇರೆಯವರಿಗೆ ಇದಕ್ಕಿಂತ ಕೆಟ್ಟ ಹೆಸರು ಇಟ್ಟಿದ್ದೀರಲ್ಲ, ನನ್ನದೇ ವಾಸಿ ಎಂದು ನಕ್ಕು ಸುಮ್ಮನಾಗುತ್ತಾರೆ.

ಅವರು ಕೆಲಸ ಮಾಡುವ ರೀತಿಯೇ ಹಾಗೆ. ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಾ ಕಾರಿನ ಹತ್ತಿರ ಹೋಗುತ್ತಾರೆ. ಕೀ ಇಸಿದುಕೊಂಡು ಕಾರಿನ ನೆತ್ತಿಯ ಮೇಲೆ ಇಡುತ್ತಾರೆ. ಬಾಗಿಲು ತೆಗೆದು, ಒಳಗಿಂದ ಬರುವ ವಾಸನೆಗೆ ಉಸಿರು ಬಿಗಿಹಿಡಿದು, ಕೂತವನ ಹೊಟ್ಟೆಯ ಮುಂದಿನಿಂದ ಕೈ ಚಾಚಿ ಬೆಲ್ಟಿನ ಗುಂಡಿ ಒತ್ತುತ್ತಾರೆ. ಬೆಲ್ಟು ಸುರ್ರನೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ನೆಟ್ಟಗೆ ನಿಂತು, “ಈಗ ಇಳೀರಿ” ಎನ್ನುತ್ತಾರೆ. ಒಬ್ಬ ಮಹಾಶಯ ಹೀಗೆ ಬಗ್ಗಿದ್ದಾಗ ಅವರ ತೋಳಿನ ಮೇಲೇ ವಾಂತಿ ಮಾಡಿದ್ದುಂಟು. ಇನ್ನೊಬ್ಬ ಕಾಲು ಹಿಡಿಯಲು ಬಂದು, “ನೀವು ನನ್ನ ತಾಯಿ ಇದ್ದ ಹಾಗೆ” ಎಂದು ಗೋಳಾಡಿದಾಗ, “ಹಾಗಾದ್ರೆ ತಾಯಿ ಮಾತು ಕೇಳಪ್ಪ, ಇದನ್ನ ಊದು” ಎಂದು ಯಂತ್ರ ಮುಂದೆ ಹಿಡಿದರಂತೆ.

ಇದನ್ನು ನೋಡಿ ಅಕ್ಕ ಮೆತ್ತಗಿನವರು ಅಂದುಕೊಂಡವರು ಕೆಟ್ಟರು. ಅವರ ಕೈಗೆ ಸಿಕ್ಕ ಕುಡುಕ ಯಾರ ಫೋನಿನಿಂದಲೂ ಬಿಡಿಸಿಕೊಂಡು ಹೋಗಿಲ್ಲ. ಕೇಸು ಅಂದರೆ ಕೇಸು, ಗಾಡಿ ಠಾಣೆಗೆ ಅಂದರೆ ಠಾಣೆಗೆ. ಒಮ್ಮೆ ಯಾರೋ ದೊಡ್ಡ ಮನುಷ್ಯರು ಫೋನಿನಲ್ಲಿ ತೊದಲುತ್ತಾ, ಹುಡುಗ ನಮ್ಮವನು, ಬಿಟ್ಟುಬಿಡಿ ಎಂದಾಗ, “ಸಾರ್, ತಾವೆಲ್ಲಿದ್ದೀರಿ? ಗಾಡಿ ಓಡಿಸ್ತಾ ಮಾತಾಡ್ತಿಲ್ಲ ತಾನೆ?” ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ್ದರು.

ಕುಡುಕರ ಮೇಲೆ ಸಿಟ್ಟಾಗುವ ಹಕ್ಕು ಊರಲ್ಲಿ ಯಾರಿಗಾದರೂ ಇದ್ದರೆ ಅದು ಅವರಿಗೆ. ಆ ಎಡಗಾಲು ಹುಟ್ಟಿನಿಂದ ಹಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಇದೇ ಸೇತುವೆಯ ಕೆಳಗೆ ಕುಡಿದವನೊಬ್ಬ ವ್ಯಾನು ತಂದು ಬ್ಯಾರಿಕೇಡಿಗೆ ಗುದ್ದಿದ. ಬ್ಯಾರಿಕೇಡು ಅಕ್ಕನ ಮೇಲೆ ಮಗುಚಿತು. ಸುತ್ತ ಇದ್ದ ಜನ ಓಡಿ ಬಂದು ಭುಜಕ್ಕೆ ಕೈ ಹಾಕಿ ಎಳೆಯಲು ಶುರು ಮಾಡಿದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಆಗ ಒಬ್ಬ ಯುವ ಕಾನ್‌ಸ್ಟೇಬಲ್ ಎಲ್ಲರನ್ನೂ ತಳ್ಳಿ, “ಯಾರೂ ಎಳೀಬೇಡಿ” ಎಂದು ಗದರಿ, ರಸ್ತೆಯ ಮೇಲೆ ಮಕಾಡೆ ಮಲಗಿ ಕೆಳಗೆ ಇಣುಕಿದ. ಕಬ್ಬಿಣದ ಸರಳೊಂದು ಅವರ ಪಾದವನ್ನು ಸಿಕ್ಕಿಸಿಕೊಂಡಿತ್ತು. ಅದನ್ನು ಬಿಡಿಸಿದ ಮೇಲೇ ಅವನು ಅವರನ್ನು ಎತ್ತಿಕೊಂಡದ್ದು. ಎಳೆದಿದ್ದರೆ ಪಾದ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಆ ಯುವಕನನ್ನು ಠಾಣೆಯಲ್ಲಿ ಪೈಲ್ವಾನ ಎನ್ನುತ್ತಿದ್ದರು, ಮೈಕಟ್ಟು ಹಾಗಿತ್ತು. ಆವತ್ತಿನಿಂದ ಅವನು ಅಕ್ಕನಿಗೆ ಬರೀ ಬಾಯಿಮಾತಿನ ತಮ್ಮನಾಗಿ ಉಳಿಯಲಿಲ್ಲ. ಬಟ್ಟೆ ಹೊಲಿಯುವ ಅಕ್ಕನ ಗಂಡ ಅವನ ಯೂನಿಫಾರ್ಮಿನ ತೋಳು ಬಿಚ್ಚಿ ಅಗಲ ಮಾಡಿಕೊಟ್ಟರು. ಅಕ್ಕನ ಅತ್ತೆ ಅವನಿಗೆ ಹೆಣ್ಣು ಹುಡುಕಿದರು. ಅವನ ಮಗಳಿಗೆ ಅಕ್ಕ ಸೋದರತ್ತೆಯಾದರು.

ಆದರೆ ಅಕ್ಕನ ಕಾಲಿನಲ್ಲಿ ಉಳಿದ ನೋವು ಪೈಲ್ವಾನನ ತಲೆಯಲ್ಲಿ ಸಿಟ್ಟಾಗಿ ಉಳಿಯಿತು. ಕುಡಿದವನನ್ನು ಕಂಡರೆ ಅವನ ಕೈ ತಡೆಯುತ್ತಿರಲಿಲ್ಲ. ಒಂದು ತಳ್ಳು, ಕುತ್ತಿಗೆಗೊಂದು ಏಟು. ಅಕ್ಕ ಬೈದರೆ, “ಇವ್ರಿಗೆ ಈ ಭಾಷೆನೇ ಅರ್ಥ ಆಗೋದು ಅಕ್ಕ” ಎನ್ನುತ್ತಿದ್ದ. ಬೈದು ಬೈದು ಅಕ್ಕನಿಗೆ ಸಾಕಾಗಿಹೋಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಬಣ್ಣದ ಅಂಗಡಿಯ ಮಾಲೀಕನೊಬ್ಬ ಗೆಳೆಯರ ಜೊತೆ ಊಟಕ್ಕೆ ಹೋಗಿ, ಊಟಕ್ಕಿಂತ ಹೆಚ್ಚು ಕುಡಿದು, ಸೇತುವೆ ಇಳಿದ. ಕಾರು ರಸ್ತೆಯ ಈ ಕಡೆಯಿಂದ ಆ ಕಡೆಗೆ ಓಲಾಡುತ್ತಾ ಬಂತು. ಅದರ ಹಿಂದಿನ ವಾರವಷ್ಟೇ ಇನ್ನೊಬ್ಬ ಕುಡುಕ ಬಸ್ ನಿಲ್ದಾಣಕ್ಕೆ ಕಾರು ನುಗ್ಗಿಸಿ ಇಬ್ಬರ ಜೀವ ತೆಗೆದಿದ್ದ, ಊರಿಗೆ ಊರೇ ಕುದಿಯುತ್ತಿತ್ತು. ಪೈಲ್ವಾನ ಕಾರು ತಡೆದು ಬಾಗಿಲು ಕಿತ್ತು ಬರುವ ಹಾಗೆ ತೆಗೆದ. “ಇಳಿಯೋ ಕೆಳಗೆ” ಎಂದ. ಆ ಮನುಷ್ಯ ಏನೋ ಗೊಣಗಿದ, ಇಳಿಯಲಿಲ್ಲ. ಪೈಲ್ವಾನ ತೋಳು ಹಿಡಿದು ಎಳೆದ. ಅವನು ಬರಲಿಲ್ಲ. ಲಾಠಿಯಿಂದ ತೋಳಿಗೆ ಎರಡು ಬಿಟ್ಟು ಮತ್ತೆ ಎಳೆದ. ಆಗಲೂ ಬರಲಿಲ್ಲ. ಮೂರನೇ ಸಲ ಮೈಯೆಲ್ಲ ಹಾಕಿ ಎಳೆದಾಗ ಆ ಮನುಷ್ಯ ಕಿರುಚಿಕೊಂಡ, ಭುಜದ ಕೀಲು ತಪ್ಪಿತ್ತು.

ಅಕ್ಕ ರಸ್ತೆಯ ಆಚೆ ಕಡೆ ಒಂದು ಲಾರಿ ನೋಡುತ್ತಿದ್ದರು. ಕಿರುಚಾಟ ಕೇಳಿ ಕಾಲೆಳೆದುಕೊಂಡು ಓಡಿ ಬಂದು, ಕಾರಿನ ಇನ್ನೊಂದು ಬದಿಯ ಬಾಗಿಲಿನಿಂದ ಒಳಗೆ ಬಗ್ಗಿದರು. ಆ ಮನುಷ್ಯನ ಡೊಳ್ಳು ಹೊಟ್ಟೆಯ ಮೇಲೆ ಸೀಟ್ ಬೆಲ್ಟು ಬಿಗಿದು ನಿಂತಿತ್ತು. ಅಕ್ಕ ಗುಂಡಿ ಒತ್ತಿದರು. ಒತ್ತಿದ್ದೇ ತಡ, ಅವನು ಪೈಲ್ವಾನನ ಕಾಲ ಬಳಿ ಕುಸಿದು ಬಿದ್ದ. ಸುತ್ತ ನಿಂತು ಮೊಬೈಲು ಹಿಡಿದಿದ್ದ ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅಕ್ಕನ ಎದೆಗೆ ನಾಟಿತು.

ಸಂಜೆಯೊಳಗೆ ವಿಡಿಯೊ ಎಲ್ಲರ ಕೈಯಲ್ಲೂ ಇತ್ತು. ಅದರಲ್ಲಿ ಕಾಣುತ್ತಿದ್ದುದು ಪೈಲ್ವಾನನ ಅಗಲವಾದ ಬೆನ್ನು, ಅವನು ಎಳೆಯುವುದು, ಕುಡುಕ ಜಗ್ಗದಿರುವುದು. ಊರು ಎರಡು ಪಾಲಾಯಿತು, ಅದರಲ್ಲಿ ಒಂದು ಪಾಲು ತುಂಬ ದೊಡ್ಡದು. ಪೊಲೀಸರು ಮಾಡಿದ್ದು ಸರಿ, ಭುಜವಲ್ಲ ಕುತ್ತಿಗೆ ಮುರಿಯಬೇಕಿತ್ತು ಎಂದು ಚಹಾದ ಅಂಗಡಿಯ ಬೆಂಚು ತೀರ್ಪು ಕೊಟ್ಟಿತು. ಕುಡಿದಿದ್ದರೆ ಕೇಸು ಹಾಕಲಿ, ಹೊಡೆಯುವ ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದವರು ಕೆಲವರೇ. ಅವರ ಮನೆಯವರು ಬಸ್ ನಿಲ್ದಾಣದಲ್ಲಿ ಇದ್ದಿದ್ದರೆ ಗೊತ್ತಾಗುತ್ತಿತ್ತು ಎಂದು ಉಳಿದವರು ಅವರ ಬಾಯಿ ಮುಚ್ಚಿಸಿದರು.

ಅಕ್ಕನ ಮನೆಯಲ್ಲೂ ಅದೇ ಮಾತು. “ಎರಡು ಬಿಟ್ಟಿದ್ದಕ್ಕೆ ಇಷ್ಟು ರಂಪಾನ?” ಎಂದರು ಅತ್ತೆ. “ನಿನ್ನ ಕಾಲು ಮುರಿದೋನಿಗೆ ಯಾರಾದ್ರೂ ಹಿಂಗೆ ಎರಡು ಬಿಟ್ಟಿದ್ರೆ ನಾನು ಆರತಿ ಎತ್ತಿರ್ತಿದ್ದೆ.”

“ಅತ್ತೆ, ಅವನು ಇಳಿಯಲ್ಲ ಅನ್ನಲಿಲ್ಲ. ಇಳಿಯೋಕೆ ಆಗ್ಲಿಲ್ಲ. ಬೆಲ್ಟು ಹಾಕಿತ್ತು.”

ಹೊಲಿಗೆ ಯಂತ್ರ ತುಳಿಯುತ್ತಿದ್ದ ಗಂಡ ಕಾಲು ನಿಲ್ಲಿಸಿ, “ಇದು ಪೈಲ್ವಾನನಿಗೆ ಗೊತ್ತಾ?” ಎಂದು ಕೇಳಿದರು.

ಗೊತ್ತಿರಲಿಲ್ಲ, ಅಕ್ಕನ ಸಂಕಟ ಅದೇ. ಪೈಲ್ವಾನ ಸುಳ್ಳು ಹೇಳುತ್ತಿರಲಿಲ್ಲ. ಆ ಮನುಷ್ಯ ಹಟ ಮಾಡಿ ಕೂತಿದ್ದ ಎಂದೇ ಅವನು ನಂಬಿದ್ದ. ಭುಜ ಹೋದವನಿಗೆ ಅಮಲಿನಲ್ಲಿ ಏನೂ ನೆನಪಿರಲಿಲ್ಲ. ವಿಡಿಯೊದಲ್ಲಿ ಬೆಲ್ಟು ಬೆನ್ನಿನ ಮರೆಗೆ ಹೋಗಿತ್ತು. ಲೋಕದಲ್ಲಿ ಅದನ್ನು ಕಂಡವರು ಅಕ್ಕ ಒಬ್ಬರೇ. ಆ ಕುಡುಕ ಆ ದಿನ ಕಾನೂನಿನ ಪ್ರಕಾರ ಮಾಡಿದ್ದು ಒಂದೇ ಒಂದು ಕೆಲಸ, ಬೆಲ್ಟು ಹಾಕಿಕೊಂಡದ್ದು, ಅವನ ಭುಜ ಹೋದದ್ದೂ ಅದರಿಂದಲೇ.

ಇಲಾಖೆಯ ವಿಚಾರಣೆ ನಿಗದಿಯಾಯಿತು. ಇನ್ಸ್‌ಪೆಕ್ಟರು ಅಕ್ಕನನ್ನು ಒಳಗೆ ಕರೆದರು. ಕೆಟ್ಟ ಮನುಷ್ಯರಲ್ಲ, ತಮ್ಮ ಹುಡುಗರ ಪರ ನಿಲ್ಲುವವರು. “ಏನಮ್ಮಾ, ನೀವು ಹೇಳಬೇಕಾದ್ದು ಜಾಸ್ತಿ ಏನಿಲ್ಲ. ಇಳಿ ಅಂದ್ರು, ಇಳೀಲಿಲ್ಲ, ಎಳೆದ್ರು. ಅಷ್ಟೇ. ಅದು ಸುಳ್ಳಲ್ಲವಲ್ಲ?”

“ಸುಳ್ಳಲ್ಲ ಸಾರ್,” ಎಂದರು ಅಕ್ಕ. “ಪೂರ್ತಿನೂ ಅಲ್ಲ.”

“ಪೂರ್ತಿ ಹೇಳಿದ್ರೆ ಅವನ ಕೆಲಸ ಹೋಗಬಹುದು. ಚಿಕ್ಕ ಮಗು ಇದೆ ಮನೇಲಿ. ನಿಮ್ಮನ್ನ ಎತ್ತಿಕೊಂಡು ಓಡಿದೋನು ಅವನು.”

ನೆನಪಿಸಬೇಕಾಗಿರಲಿಲ್ಲ, ಪ್ರತಿ ಹೆಜ್ಜೆಗೂ ಅವರ ಕಾಲು ಅದನ್ನೇ ಹೇಳುತ್ತಿತ್ತು. ಸುಮ್ಮನಿದ್ದರೆ ಯಾರೂ ಕೇಳುವವರಿರಲಿಲ್ಲ. ತಮ್ಮ ಉಳಿಯುತ್ತಿದ್ದ. ಆದರೆ ಮುಂದಿನ ಭಾನುವಾರ ಅವನು ಇನ್ನೊಬ್ಬನನ್ನು ಹೀಗೇ ಎಳೆಯುತ್ತಿದ್ದ, ಆಗ ಚಪ್ಪಾಳೆಯ ಬಲವೂ ಸೇರಿರುತ್ತಿತ್ತು. ಅಕ್ಕ ಸೆಲ್ಯೂಟ್ ಹೊಡೆದು ಹೊರಗೆ ಬಂದರು. ವಿಚಾರಣೆಯ ಅಧಿಕಾರಿಗೆ ಹೇಳುವ ಮೊದಲು ಅವನಿಗೆ ಹೇಳಬೇಕು, ಅವನ ಬೆನ್ನ ಹಿಂದೆ ಆಡಬಾರದು ಎಂದು ಅಷ್ಟು ಹೊತ್ತಿಗೆ ನಿರ್ಧಾರವಾಗಿತ್ತು.

ಠಾಣೆಯ ಹಿಂದಿನ ಅಂಗಳದಲ್ಲಿ, ಹಿಡಿದು ತಂದ ವಾಹನಗಳ ನಡುವೆ, ಆ ಕಾರೂ ಧೂಳು ಹಿಡಿದು ನಿಂತಿತ್ತು. ಅಕ್ಕ ಪೈಲ್ವಾನನನ್ನು ಅಲ್ಲಿಗೆ ಕರೆದರು. “ಒಳಗೆ ಕೂತ್ಕೋ.” ಅವನು ನಗುತ್ತಾ ಕೂತ. ಅಕ್ಕ ಬಗ್ಗಿ ಬೆಲ್ಟು ಸಿಕ್ಕಿಸಿದರು. ಅದಾದ ಕ್ಷಣದಲ್ಲೇ, ಯಾವತ್ತೂ ಎತ್ತದ ದನಿಯಲ್ಲಿ, “ಇಳಿಯೋ ಕೆಳಗೆ” ಎಂದು ಅರಚಿ, ಅವನ ತೋಳು ಹಿಡಿದು ಬಲವಾಗಿ ಎಳೆದರು. ಪೈಲ್ವಾನ ಬೆಚ್ಚಿ ಏಳಲು ಹೋದ. ಬೆಲ್ಟು ಕಚ್ಚಿ ಹಿಡಿಯಿತು. ಅವನ ಇನ್ನೊಂದು ಕೈ ಆಸರೆಗೆ ಸ್ಟೇರಿಂಗನ್ನು ಹಿಡಿದುಕೊಂಡಿತೇ ಹೊರತು ಗುಂಡಿಯ ಕಡೆ ಹೋಗಲಿಲ್ಲ.

“ಅಕ್ಕ, ತಾಳಿ, ಬೆಲ್ಟು—” ಎಂದವನು ಅಲ್ಲಿಗೇ ಮಾತು ನಿಲ್ಲಿಸಿದ.

ಅಕ್ಕ ಕೈ ಬಿಟ್ಟರು. “ನೀನು ಕುಡಿದಿಲ್ಲ. ಎಳೀತಿರೋಳು ನಾನು, ಕುಂಟಿ. ಆದ್ರೂ ನಿನ್ನ ಕೈ ಗುಂಡಿಗೆ ಹೋಗಲಿಲ್ಲ.”

ಪೈಲ್ವಾನ ಬಗ್ಗಿ ಬೆಲ್ಟಿನ ಗುಂಡಿ ನೋಡಿದ. “ಆವತ್ತು ಅವನಿಗೆ ಬೆಲ್ಟು ಹಾಕಿತ್ತಾ?”

“ಬಿಚ್ಚಿದ್ದು ನಾನೇ.”

ಅವನಿಗೆ ಸಿಟ್ಟು ಬಂತು. “ಯಾರ ಮೇಲಿನ ಸಿಟ್ಟಿಗೆ ನಾನು ಅವನನ್ನ ಹೊಡೆದೆ ಗೊತ್ತಾ ನಿಮಗೆ? ಆವತ್ತು ನಿಮ್ಮನ್ನ ಎತ್ತಿಕೊಂಡಾಗ ನನ್ನ ಶರ್ಟೆಲ್ಲ ರಕ್ತ ಅಕ್ಕ. ಈಗ ನೀವೇ ನನ್ನ ಕೆಲಸ ಕಳೀತೀರಾ?”

“ಆವತ್ತು ಎಲ್ರೂ ಎಳೀತಿದ್ರು,” ಎಂದರು ಅಕ್ಕ. “ನೀನೊಬ್ಬನೇ ಮಲಗಿ ನೋಡಿದೆ, ಏನು ಹಿಡ್ಕೊಂಡಿದೆ ಅಂತ. ಅದಕ್ಕೇ ನಾನಿನ್ನೂ ನಡೀತಾ ಇದೀನಿ. ಈ ಸಲ ನೀನು ನೋಡಲಿಲ್ಲ ಕಣೋ.”

ಪೈಲ್ವಾನ ಬೆಲ್ಟು ಬಿಚ್ಚಿಕೊಂಡು, ಅವರ ಮುಖ ನೋಡದೆ ಹೊರಟುಹೋದ.

ವಿಚಾರಣೆ ನಡೆದದ್ದು ಮೇಲಧಿಕಾರಿಯ ಕಚೇರಿಯ ಉದ್ದನೆಯ ಕೋಣೆಯಲ್ಲಿ. ಫ್ಯಾನು ಕಿರುಗುಟ್ಟುತ್ತಿತ್ತು, ಮೇಜಿನ ಮೇಲೆ ಮುಚ್ಚಳವಿಲ್ಲದ ಗಾಜಿನ ಲೋಟ. ಅಕ್ಕ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಆ ಮನುಷ್ಯ ಕುಡಿದಿದ್ದ, ಅವನು ಇನ್ನೊಂದು ನಿಮಿಷ ಓಡಿಸಿದ್ದರೆ ಯಾರಾದರೂ ಸಾಯುತ್ತಿದ್ದರು, ಅವನನ್ನು ತಡೆದದ್ದು ಪೈಲ್ವಾನನೇ. ಅದನ್ನೂ ಹೇಳಿದರು, ಲಾಠಿಯ ಎರಡು ಏಟನ್ನೂ ಹೇಳಿದರು, ಬೆಲ್ಟನ್ನೂ ಹೇಳಿದರು. ಅಧಿಕಾರಿ ಪೆನ್ನು ಕೆಳಗಿಟ್ಟು, “ಅಷ್ಟು ಗದ್ದಲದಲ್ಲಿ ಯಾರಿಗೂ ಹೊಳೆಯದ್ದು ನಿಮಗೆ ಹೇಗೆ ಹೊಳೀತು? ಯಾರು ಹೇಳಿಕೊಟ್ರು?” ಎಂದು ಕೇಳಿದರು.

“ಹೊರಗೆ ಬೆಂಚಿನ ಮೇಲೆ ಕೂತಿದಾನಲ್ಲ ಸಾರ್,” ಎಂದರು ಅಕ್ಕ, “ಅವನೇ.” ಆಮೇಲೆ ತಮ್ಮ ಕಾಲಿನ ಕಥೆಯನ್ನೂ ಹೇಳಿದರು.

ಪೈಲ್ವಾನನ ಸರದಿ ಬಂದಾಗ ಅವನು ಯಾವುದನ್ನೂ ಅಲ್ಲಗಳೆಯಲಿಲ್ಲವಂತೆ. ಕೆಲಸ ಹೋಗಲಿಲ್ಲ, ಅಮಾನತ್ತಾಯಿತು. ಬಡ್ತಿ ಮುಂದಕ್ಕೆ ಹೋಯಿತು. ಬಣ್ಣದ ಅಂಗಡಿಯವನ ಲೈಸೆನ್ಸು ರದ್ದಾಯಿತು, ಭುಜ ಸರಿಹೋಯಿತು. ಠಾಣೆಯಲ್ಲಿ ಕೆಲವರು ಅಕ್ಕನ ಜೊತೆ ಮಾತು ಬಿಟ್ಟರು. ನಮ್ಮವರನ್ನೇ ಹಿಡಿದುಕೊಟ್ಟಳು ಎಂದು ಕೇಳಿಸುವ ಹಾಗೆ ಅಂದರು. ಅಕ್ಕ ಅದನ್ನು ಹೊಟ್ಟೆಗೆ ಹಾಕಿಕೊಂಡರು. ತಡೆಯಲಾಗದಿದ್ದುದು ಪೈಲ್ವಾನನ ಮೌನ. ಅವನ ಮಗಳು ಮನೆಗೆ ಬರುವುದು ನಿಂತಿತು. ಒಂದು ಸಂಜೆ ಅಕ್ಕ ಅಡುಗೆಮನೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತರು. ಆವತ್ತು ರಂಪ ಎಂದು ಮೂಗು ಮುರಿದಿದ್ದ ಅತ್ತೆ ಬಂದು ಬೆನ್ನು ಸವರುತ್ತಾ ನಿಂತರು.

ಅಕ್ಕನ ಈಗಿನ ಕ್ರಮ ಶುರುವಾದದ್ದು ಆ ದಿನಗಳಲ್ಲಿ. ಯಾರೂ ಆಜ್ಞೆ ಮಾಡಲಿಲ್ಲ. ಕೀ ನೆತ್ತಿಯ ಮೇಲೆ, ಕೈ ಗುಂಡಿಗೆ, ಆಮೇಲೆ ಇಳಿಯಿರಿ ಎನ್ನುವುದು. ಹೆಸರಿಟ್ಟವರು ಗೇಲಿಗೇ ಇಟ್ಟರು. ನಿಧಾನವಾಗಿ ಹೊಸಬರು ಹಾಗೇ ಮಾಡತೊಡಗಿದರು. ಇಳಿಯಲ್ಲ ಎನ್ನುವ ಕುಡುಕರಲ್ಲಿ ಎಷ್ಟೋ ಜನ ಬೆಲ್ಟು ಬಿಚ್ಚಿದ ಕೂಡಲೇ ತಾವಾಗಿ ಇಳಿಯುತ್ತಾರೆ ಎಂಬುದು ಅವರಿಗೂ ಗೊತ್ತಾಯಿತು. ನಿಜವಾಗಿ ಹಟ ಮಾಡುವವರೂ ಇದ್ದರು. ಅವರನ್ನು ಅಕ್ಕನೇ ಇನ್ನಿಬ್ಬರ ಜೊತೆ ಸೇರಿ ತೋಳು ಹಿಡಿದು ಇಳಿಸಿದ್ದಾರೆ. ಬಲವೇ ಬೇಡ ಎಂದು ಅವರು ಯಾವತ್ತೂ ಹೇಳಿದವರಲ್ಲ.

ಅಮಾನತ್ತು ಮುಗಿಸಿ ಪೈಲ್ವಾನ ಕೆಲಸಕ್ಕೆ ಬಂದ ದಿನ ಅವನನ್ನು ಸೇತುವೆಯ ಕೆಳಗೇ ಹಾಕಿದರು. ಬಂದವನು ಎಲ್ಲರಿಗೂ ನಮಸ್ಕಾರ ಹೇಳಿ ಅಕ್ಕನಿಂದ ದೂರ ಹೋಗಿ ನಿಂತ. ಅಕ್ಕ ರಸ್ತೆಯನ್ನೇ ನೋಡುತ್ತಿದ್ದರು. ಇಳಿಬಿಸಿಲಿನಲ್ಲಿ ಒಂದು ಕಾರು ಓಲಾಡುತ್ತಾ ಇಳಿದು, ಬ್ಯಾರಿಕೇಡಿಗೆ ಮೂತಿ ತಾಗಿಸಿ ನಿಂತಿತು. ಹತ್ತಿರ ಇದ್ದವನು ಪೈಲ್ವಾನ. ಅವನು ಬಾಗಿಲು ತೆಗೆದ. ಒಳಗಿದ್ದವನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ, ಪೈಲ್ವಾನನ ತಾಯಿಯನ್ನೂ ಬಿಡಲಿಲ್ಲ. ಅಕ್ಕನ ಕಾಲು ತಾನಾಗಿ ಎರಡು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟಿತು.

ಪೈಲ್ವಾನ ಕೀ ತೆಗೆದು ಕಾರಿನ ನೆತ್ತಿಯ ಮೇಲಿಟ್ಟ. ಅಷ್ಟು ದೊಡ್ಡ ಮೈಯನ್ನು ಮಡಿಸಿಕೊಂಡು ಒಳಗೆ ಬಗ್ಗಿದ. ಸ್ವಲ್ಪ ಹೊತ್ತು ಅವನ ಬೆನ್ನಷ್ಟೇ ಕಾಣುತ್ತಿತ್ತು. ಎದ್ದು ನಿಂತು, ಇನ್ನೂ ಅವರ ಕಡೆ ತಿರುಗದೆ, ಎಲ್ಲರಿಗೂ ಕೇಳಿಸುವ ಹಾಗೆ ಕೂಗಿ ಹೇಳಿದ:

“ಅಕ್ಕ, ಬೆಲ್ಟು ಬಿಚ್ಚಿದೀನಿ. ಈಗ ಇಳಿಸಲಾ?”

ಅಷ್ಟು ದಿನಗಳಲ್ಲಿ ಅವನು ಅವರೊಂದಿಗೆ ಆಡಿದ ಮೊದಲ ಮಾತು ಅದು. ಅಕ್ಕ ಇಳಿಸು ಎಂದು ಕೈ ಆಡಿಸಿ, ಊದಿಸುವ ಯಂತ್ರ ಎತ್ತಿಕೊಂಡು ಕಾರಿನ ಕಡೆ ನಡೆದರು.