ಕುಚ್ಚಿಲ್ಲದ ‘ರೆಡಿ’ ಸೀರೆ

ಪಕ್ಕದ ಮಧುರೆ ಹಳ್ಳಿಯಿಂದ ನಮ್ಮ ಅಂಗಡಿಗೆ ಬಂದಿದ್ದ ತಾಯಿಯೊಬ್ಬರು ಮದುವೆ ಸೀರೆಯ ಮಡಿಕೆ ಬಿಡಿಸಿ, ಸೆರಗನ್ನು ಎತ್ತಿ ನನ್ನತ್ತ ಹಿಡಿದರು. ಕುಚ್ಚು ಕಟ್ಟಿರಲಿಲ್ಲ, ಎಳೆಗಳು ಹಾಗೇ ಜೋತಾಡುತ್ತಿದ್ದವು. ಅವರ ಮಗಳ ಧಾರೆ ಮರುದಿನ ಬೆಳಿಗ್ಗೆ.

“ರೆಡಿ ಇದೆ ಅಂತ ನೀವೇ ಫೋನ್ ಮಾಡಿದ್ರಲ್ಲಮ್ಮ. ಯಾರಿಗೆ ರೆಡಿ?” ಎಂದರು, ದನಿ ಏರಿಸದೆ.

ದೊಡ್ಡಬಳ್ಳಾಪುರದ ಸೀರೆ ಅಂಗಡಿಯೊಂದರಲ್ಲಿ ಆರ್ಡರ್ ನೋಡಿಕೊಳ್ಳುವವಳು ನಾನು. ಕಂಪ್ಯೂಟರಿನಲ್ಲಿ ‘ರೆಡಿ’ ಎಂದಿದ್ದಕ್ಕೇ ಫೋನ್ ಮಾಡಿದ್ದೆ. ನಮ್ಮದೇ ಮಗ್ಗದ ಶೆಡ್ಡಿನವರು ಸೀರೆ ಮಗ್ಗದಿಂದ ಇಳಿದ ಕೂಡಲೇ ಹಾಗೆ ನಮೂದಿಸುತ್ತಾರಂತೆ. ಅಂಗಡಿಯಲ್ಲಿ ನಾವೋ, ಉಡಲು ಸಿದ್ಧವಾದದ್ದನ್ನೇ ರೆಡಿ ಎಂದುಕೊಂಡಿದ್ದೆವು. ಇಷ್ಟು ವರ್ಷ ಒಬ್ಬರನ್ನೊಬ್ಬರು ಕೇಳಿಯೇ ಇರಲಿಲ್ಲ.

ಬೈಗುಳಕ್ಕೆ ಕಾದು ನಿಂತಿದ್ದೆ. ಅವರು ಬಳೆ ಹಿಂದಕ್ಕೆ ಸರಿಸಿ ಜಮಖಾನೆಯ ಮೇಲೆ ಕೂತರು. “ಬಾಮ್ಮ, ಆ ಕಡೆಯಿಂದ ನೀನು ಕಟ್ಕೊಂಡು ಬಾ, ಈ ಕಡೆಯಿಂದ ನಾನು ಬರ್ತೀನಿ” ಎಂದರು. ಸೆರಗಿನ ನಡುವೆ ನಮ್ಮ ಕೈಗಳು ಸೇರುವಷ್ಟರಲ್ಲಿ ನನ್ನನ್ನು ಮದುವೆಗೂ ಕರೆದಾಗಿತ್ತು.

ಮರುವಾರ ನಮ್ಮ ಮಾಲೀಕರು ಶೆಡ್ಡಿನವರನ್ನೂ ಅಂಗಡಿಯವರನ್ನೂ ಒಟ್ಟಿಗೆ ಕೂರಿಸಿದರು. ಮಗ್ಗದಿಂದ ಇಳಿದರೆ ‘ನೇಯ್ದಾಗಿದೆ’ ಎಂದು ಬರೆಯಬೇಕು, ಕುಚ್ಚು ಕಟ್ಟಿ ಮಡಿಸಿದ ಮೇಲಷ್ಟೇ ‘ರೆಡಿ’ ಎಂದು ಗೊತ್ತುಮಾಡಿದರು. ಆ ತಾಯಿ ಕೂಗಾಡಿ ಹೋಗಿದ್ದರೆ ನಾವು ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿಕೊಂಡು ಸುಮ್ಮನಾಗುತ್ತಿದ್ದೆವೇನೋ.

ಅವರು ಕಳಿಸಿದ ಮದುವೆ ಫೋಟೊ ಈಗಲೂ ನನ್ನ ಮೊಬೈಲಿನಲ್ಲಿದೆ. ಸೆರಗಿನ ಒಂದು ಬದಿಯ ಕುಚ್ಚುಗಳು ಒಪ್ಪವಾಗಿ ಸಾಲಾಗಿವೆ. ಸೊಟ್ಟಗಿರುವ ಅರ್ಧ ನನ್ನದು.