ಮೊನೆ ಬಾಗಿಲ ಕಡೆಗೆ

ಎಪ್ಪತ್ತರ ದಶಕದ ಕೊನೆಗೆ ನಾನು ಗದಗಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಮ್ಮೆ ಪಾಠದಲ್ಲಿ ‘ಡ್ಯಾಗರ್’ ಎಂಬ ಪದ ಬಂತು. ಕಠಾರಿ ಎಂದು ಅರ್ಥ ಹೇಳಿ ಸುಮ್ಮನಾಗುವ ಪೈಕಿ ನಾನಲ್ಲ. ಸಿಟ್ಟಿನಿಂದ ದಿಟ್ಟಿಸಿದರೆ ಕಣ್ಣಲ್ಲೇ ಡ್ಯಾಗರ್ ಎಸೆದರು ಅನ್ನುತ್ತಾರೆ, ಹಾವು ಮುಂಗುಸಿಯಂತಿರುವ ನೆಂಟರನ್ನು ಡ್ಯಾಗರ್ ಹಿರಿದು ನಿಂತವರು ಅನ್ನುತ್ತಾರೆ, ಪುಸ್ತಕದಲ್ಲಿ ಸತ್ತವರ ಹೆಸರಿನ ಪಕ್ಕ ಹಾಕುವ ಸಣ್ಣ ಗುರುತಿಗೂ ಅದೇ ಹೆಸರು ಎಂದೆಲ್ಲ ಕೊರೆದೆ.

“ಎಲ್ಲಾ ಬರೇ ಮಾತು. ಕಣ್ಣಿನಿಂದ ಯಾರಿಗೂ ಗಾಯ ಆಗೂದಿಲ್ಲ,” ಎಂದೆ.

ಹೊಂಬಳದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು, “ಆಗತೈತ್ರಿ ಟೀಚರ್,” ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಆ ವರ್ಷವೇ ಹೆರಿಗೆಗೆಂದು ಲಕ್ಷ್ಮೇಶ್ವರದ ತವರಿಗೆ ಹೋದೆ. ಮಗಳು ಹುಟ್ಟಿದಳು. ಅವ್ವ ತೊಟ್ಟಿಲಿಗೆ ಹಾಸಿದ ಕೌದಿಯ ಕೆಳಗೆ ಹಳೆಯ ಚೂರಿಯೊಂದನ್ನು ಇಟ್ಟಳು. ಅದರ ಮೊನೆ ಬಾಗಿಲ ಕಡೆಗೇ ಇರಬೇಕು, ಒಳಗೆ ಬರುವ ಕೆಟ್ಟ ಕಣ್ಣು ಅದಕ್ಕೆ ತಾಗಿ ಹಿಂದಿರುಗುತ್ತದಂತೆ. ಬೇಡವೆಂದೆ. ಬಾಣಂತಿಯ ಮಾತು ಯಾರು ಕೇಳುತ್ತಾರೆ?

ಹಿತ್ತಲ ಕೋಣೆಯಲ್ಲಿ ಚಿಗವ್ವ ಇದ್ದಳು, ತೀರಿಹೋದ ನಮ್ಮ ಕಾಕಾನ ಹೆಂಡತಿ. ಹೆತ್ತ ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ಆಕೆಯ ಕಣ್ಣು ಕೆಟ್ಟದ್ದೆಂದು ಓಣಿಯೆಲ್ಲ ಆಡಿಕೊಳ್ಳುತ್ತಿತ್ತು. ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತಿಗೆ ಆಕೆ ನನ್ನ ಕೋಣೆಯ ಹೊಸ್ತಿಲಿಗೆ ಬರುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. ತೊಟ್ಟಿಲಿಗೆ ಬೆನ್ನು ಮಾಡಿ, ಪಡಸಾಲೆಯ ಗೋಡೆ ನೋಡುತ್ತ ನಿಲ್ಲುತ್ತಿದ್ದಳು. ಕೂಸು ಅತ್ತರೆ ಆ ಬೆನ್ನು ಸ್ವಲ್ಪ ಅಲುಗುತ್ತಿತ್ತು. “ಕುಂಡ್ರು ಬಾ ಚಿಗವ್ವ,” ಎಂದರೆ ಸದ್ದಿಲ್ಲದೆ ಹೊರಟುಹೋಗುತ್ತಿದ್ದಳು. ಬರಬರುತ್ತ ಮುಖವಿಲ್ಲದ ಆ ಬೆನ್ನಿಗೆ ನಾನು ಹೆದರತೊಡಗಿದೆ.

ಒಂದು ದಿನ ಆಕೆ ಬಂದುಹೋದ ಮೇಲೆ ಕೂಸಿಗೆ ಜ್ವರ ಬಂತು. ಮೊಲೆಗೆ ಬಾಯಿಯನ್ನೇ ಹಚ್ಚಲಿಲ್ಲ. ಡಾಕ್ಟರು ಔಷಧ ಕೊಟ್ಟರು.

“ಇನ್ನ ಆಕಿ ಈ ಕಡೆ ಸುಳೀಬಾರದು. ಸುಳಿದ್ರ ಹಿತ್ತಲ ಖೋಲಿನೂ ಬಿಡಸ್ತೀನಿ,” ಎಂದಳು ಅವ್ವ. ನಾನು ಕೂಸನ್ನು ಇನ್ನಷ್ಟು ಅವಚಿಕೊಂಡೆ. ಕಲಿತ ವಿದ್ಯೆಯೆಲ್ಲ ಎಲ್ಲಿಗೆ ಹೋಯಿತೋ.

ಮರುದಿನ ಮಧ್ಯಾಹ್ನ ನನಗೆ ಜೊಂಪು ಹತ್ತಿತ್ತು. ಕಣ್ಣು ತೆರೆದರೆ ಚಿಗವ್ವ ತೊಟ್ಟಿಲ ಪಕ್ಕದಲ್ಲೇ ನಿಂತಿದ್ದಾಳೆ, ಕೈಯಲ್ಲಿ ಆ ಚೂರಿ. ತಟ್ಟನೆ ಎದ್ದು ಕುಳಿತೆ. ಆಕೆಯ ಸೆರಗು ಮೂಗಿನವರೆಗೂ ಇಳಿದಿತ್ತು. ಕುರುಡರಂತೆ ಕೌದಿಯನ್ನು ತಡವಿ, ಚೂರಿಯನ್ನು ಕೆಳಗೆ ಸರಿಸಿ, ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಬಾಗಿಲ ಕಡೆ ತಿರುಗಿಸಿದಳು. ಆಮೇಲೆ ಹೊಸ್ತಿಲಿಗೆ ಹೋಗಿ, ಆ ಮೊನೆಯ ನೇರಕ್ಕೆ, ನಮಗೆ ಬೆನ್ನು ಮಾಡಿ ನಿಂತಳು.

“ಕೌದಿ ಬದಲಿ ಮಾಡೂವಾಗ ನಿಮ್ಮವ್ವ ಉಲ್ಟಾ ಇಟ್ಟಾಳವಾ. ಮೊನಿ ಗ್ವಾಡಿ ಕಡೆ ಇತ್ತು. ಜ್ವರ ಬರಲಾರದ ಇರತೈತೇನು?”

“ಚಿಗವ್ವ, ನಿನ್ನ ಕಣ್ಣು ಕೆಟ್ಟದ್ದಲ್ಲ,” ಎಂದೆ. ನನಗೆ ಅಳು ಬಂದಿತ್ತು.

“ಹಡದವು ಒಂದೂ ಉಳೀಲಿಲ್ಲ. ಎಲ್ಲಾವನ್ನೂ ನಾನು ಕಣ್ತುಂಬ ನೋಡಿದ್ದೆನವಾ.”

ಸೆರಗನ್ನು ಇನ್ನಷ್ಟು ಕೆಳಗೆಳೆದುಕೊಂಡಳು. “ಜ್ವರ ಇಳಿದೈತೇನು?”

“ಇಳಿದೈತಿ.”

“ಮೂಗು ಯಾರ ಹಂಗೈತಿ?” ಎಂದು ಗೋಡೆಯ ಕಡೆಗೇ ಮುಖವಿಟ್ಟು ಕೇಳಿದಳು. “ನೀನ ನೋಡಿ ಹೇಳು.”