ಮಾಸ್ತರರ ನಾಲ್ಕನೆಯ ಗುಂಡಿ

ನಮ್ಮ ಮಾಸ್ತರರ ಅಂಗಿಯ ನಾಲ್ಕನೆಯ ಗುಂಡಿ ಬಹುಕಾಲ ಕಾಜಿನ ಮುಖ ಕಂಡಿರಲಿಲ್ಲ. ಹೊಟ್ಟೆ ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆಯವರು, ಹುಟ್ಟೂರು ಕಮಲಾಪುರ. ಬದುಕಿಡೀ ಗಣಿತ ಕಲಿಸಿದವರು, ಊರಿನ ಕೆಂಪು ಬಾಳೆಹಣ್ಣು ಎದುರಿಗೆ ಬಂದರೆ ಮಾತ್ರ ಎಣಿಕೆ ತಪ್ಪುತ್ತಿದ್ದರು.

ಉಪದೇಶಕ್ಕೆ ಹೊಟ್ಟೆ ಅಡ್ಡಬರಲಿಲ್ಲ. ನನಗೆ ಶುಗರ್ ಬಂದ ಸುದ್ದಿ ಕೇಳಿ ಕಟ್ಟೆಯ ಮೇಲೆ ಕೂತೇ ತೀರ್ಪಿತ್ತರು: "ಗುಳಿಗಿ ನುಂಗಾಂವ ಹೇಡಿ. ನಾಲಿಗಿ ಹಿಡಿಯಾಂವ ಗಂಡಸು." ಸಾಕ್ಷಿಗೆ ತಮ್ಮ ಸೋಮವಾರದ ಒಪ್ಪತ್ತನ್ನು ತೋರಿಸುತ್ತಿದ್ದರು. ಆ ಒಂದು ಊಟ ಮೂರು ಊಟಕ್ಕೆ ಸಮ ಎಂದು ಅವರ ಮನೆಯವರು ಗೊಣಗುವುದು ಗೋಡೆಯಾಚೆಗೂ ಕೇಳುತ್ತಿತ್ತು.

ಎರಡು ವರ್ಷದ ಹಿಂದೆ ಮಾಸ್ತರರ ಹೊಟ್ಟೆ ಇಳಿಯಿತು. ಗುಂಡಿ ಕೂಡಿತು. ಬೆರಗಾದ ಕಾಲೋನಿಗೆ, ಮನಸ್ಸು ಗಟ್ಟಿ ಮಾಡಿದೆ ಎಂದರು. ನಾನು ನಂಬಿ ಗುಳಿಗೆ ಬಿಟ್ಟೆ. ನನ್ನ ಮನಸ್ಸೂ ಗಟ್ಟಿಯಾಗಿಯೇ ಮನೆ ಬಿಟ್ಟು, ಪಾಕದಲ್ಲಿ ಅದ್ದಿದ ಮಾಲ್ಪುರಿಯ ಅಂಗಡಿ ಬಂದೊಡನೆ ಮೆತ್ತಗಾಗುತ್ತಿತ್ತು. ಅಷ್ಟರಲ್ಲಿ ಎಡಗಾಲಿನ ಹೆಬ್ಬೆರಳಿಗೆ ಹುಣ್ಣಾಯಿತು. ತಿಂಗಳಾದರೂ ಮಾಯಲಿಲ್ಲ.

ಕಮಲಾಪುರದಲ್ಲಿ ಅವರ ತಮ್ಮನ ಮಗಳ ಮದುವೆ. ಪಂಕ್ತಿಯಲ್ಲಿ ಅವರ ಪಕ್ಕದಲ್ಲೇ ಕೂತಿದ್ದೆ. ಅರ್ಧ ಹೋಳಿಗೆಗೇ ಅವರು ಎಲೆಗೆ ಕೈ ಅಡ್ಡ ಹಿಡಿದರು. "ಯೋಗಿ ಆಗ್ಯಾರ್ರಿ ನಮ್ಮ ಮಾಸ್ತರ" ಎಂದರು ಬೀಗರು. ನಾನು ಮೂರನೆಯ ಹೋಳಿಗೆಯಲ್ಲಿದ್ದೆ. ಮಡಚಿದ ಕಾಲಿನ ಬಟ್ಟೆಪಟ್ಟಿ ಮಾಸ್ತರರ ಕಣ್ಣಿಗೆ ಬಿತ್ತು. ಕೇಳಿದರು. ನಿಮ್ಮ ದಾರಿಯಲ್ಲೇ ಗುಳಿಗೆ ಬಿಟ್ಟು ಆರು ತಿಂಗಳಾಯಿತೆಂದೆ.

ಅವರ ಮುಖ ಕಪ್ಪಿಟ್ಟಿತು. ಇಡೀ ಪಂಕ್ತಿಗೆ ಕೇಳುವ ತರಗತಿಯ ದನಿಯಲ್ಲಿ ಹೇಳಿದರು: "ನಂದು ಮನಸ್ಸಲ್ಲೋ, ಹಸಿವಿ ಇಳಿಸೋ ಸೂಜಿ. ಡಾಕ್ಟರ್ ಕಡೆ ವಾರಕ್ಕೊಂದು ಚುಚ್ಚಿಸ್ಕೊಳ್ಳಾಕತ್ತೀನಿ. ಸುಳ್ಳ ಹೇಳೀನಿ."

ಬೀಗರು ನಕ್ಕರು. ಮಾಸ್ತರರು ನಗಲಿಲ್ಲ. ಎಲೆ ಬಿಟ್ಟೆದ್ದು, ನನ್ನ ರಟ್ಟೆ ಹಿಡಿದು ಕಲಬುರಗಿ ಬಸ್ಸು ಹತ್ತಿಸಿ, ನೇರ ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಒಂದೇ ಮಾತು: "ಇಷ್ಟ ವರ್ಷ ಮನಸ್ಸಿಗೇ ಬೈದೆ. ಪಾಪ, ಅದರದೇನ ತಪ್ಪು?" ಇನ್ನೊಂದು ವಾರ ತಡವಾಗಿದ್ದರೆ ಹೆಬ್ಬೆರಳು ತೆಗೆಯಬೇಕಿತ್ತು ಎಂದರು ಆಸ್ಪತ್ರೆಯವರು.

ಹೋದ ವರ್ಷ ಜ್ವರ ಬಂದು ಮಾಸ್ತರರು ತೀರಿಕೊಂಡರು. ಮಲಗಿಸಿದ್ದಾಗಲೂ ನಾಲ್ಕನೆಯ ಗುಂಡಿ ಕೂಡಿಯೇ ಇತ್ತು. ಗುಂಡಿಯ ಕೀರ್ತಿ ಸೂಜಿಗೇ ಸಲ್ಲಲಿ. ಬೀಗರ ಮುಂದೆ ಸುಳ್ಳು ಒಪ್ಪಿಕೊಳ್ಳಲು ಮಾತ್ರ ಯಾವ ಡಾಕ್ಟರೂ ಔಷಧ ಬರೆದುಕೊಟ್ಟಿರಲಿಲ್ಲ.

ಬೆಳಿಗ್ಗೆ ಗುಳಿಗೆ ನುಂಗಿ ಚಪ್ಪಲಿ ಮೆಟ್ಟುವಾಗ ಎಡಗಾಲಿನ ಬೆರಳು ಎಣಿಸುತ್ತೇನೆ. ಐದೂ ಇವೆ. ಅದರಲ್ಲೊಂದು ಮಾಸ್ತರರದು.